ಸೋಲಾರ್‌ಗೆ ಹೆಸರು ಬರೆಸುವ ಮೊದಲು ತಾರಸಿ ನೋಡೋಣ

3ನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಸೋಲಾರ್ ವಾಟರ್ ಹೀಟರ್ ಒಟ್ಟಿಗೆ ಹಾಕಿಸಿದರೆ ರೇಟು ಕಮ್ಮಿ ಅಂತ ಏಜೆಂಟ್ ಹೇಳಿ ಹೋಗಿದ್ದಾರೆ. ಎಲ್ಲ ಮನೆಗೂ ಒಂದೇ ಸೈಜು, ಒಂದೇ ಮಾಡೆಲ್. ಸುಮ್ನೆ ಹೆಸರು ಬರೆಸುವ ಬದಲು ನಮ್ಮ ಬಡಾವಣೆಯದೇ ಒಂದು ಬಿಸಿಲಿನ ನಕ್ಷೆ ಮಾಡೋಣ. ಯಾವ ತಾರಸಿಗೆ ಎಷ್ಟು ಹೊತ್ತು ಬಿಸಿಲು, ಯಾವ ಮನೆಗೆ ಯಾವ ನೀರು, ಅಷ್ಟೇ.

1ನೇ ಕ್ರಾಸ್, ಮೆಡಿಕಲ್ ಸ್ಟೋರ್ ಮೇಲಿನ ಮನೆ:
ತುಮಕೂರಿನಲ್ಲಿ ಬಿಸಿಲು ಹುಡುಕಬೇಕಾ ಸಾರ್? ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು 😄

3ನೇ ಕ್ರಾಸ್, ಮೂಲೆ ಮನೆ:
ಪಾವಗಡದ ಬಯಲಲ್ಲಿ ಪಕ್ಕದ ಮನೆ ನೆರಳು ಇಲ್ಲ ಅಲ್ವಾ! ಲೆಕ್ಕ ಕೇಳಿ. ನಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ, ಇದು ವರ್ಷದ ಸರಾಸರಿ, ಮಳೆಗಾಲದಲ್ಲಿ ಇನ್ನೂ ಕಮ್ಮಿ. 100 ಲೀಟರ್ ನೀರು 30 ಡಿಗ್ರಿ ಜಾಸ್ತಿ ಬಿಸಿಯಾಗಲು 3.5 ಯೂನಿಟ್ ಸಾಕು. ಅಂದರೆ 2 ಚದರ ಮೀಟರ್ ಪ್ಯಾನೆಲ್ ಮೇಲೆ ಬಿದ್ದದ್ದರಲ್ಲಿ ಅರ್ಧ ಹಾಳಾದರೂ ನಾಲ್ಕೈದು ಜನರ ಸ್ನಾನ ಆಗುತ್ತದೆ. ಆದರೆ ಇದು ಊರಿನ ಲೆಕ್ಕ. ಎಲ್ಲಿ ಎಷ್ಟು ಬಿಸಿಲು ಅಂತ ಬಣ್ಣದಲ್ಲಿ ತೋರಿಸುವ ಗ್ಲೋಬಲ್ ಸೋಲಾರ್ ಅಟ್ಲಾಸ್ ವೆಬ್‌ಸೈಟ್ ತೆರೆದರೆ ನಮ್ಮ ಮೂರೂ ಕ್ರಾಸ್‌ಗೆ ಒಂದೇ ಬಣ್ಣ. 2ನೇ ಕ್ರಾಸ್‌ನಲ್ಲಿ ಹೊಸದಾಗಿ ಎದ್ದಿರುವ ನಾಲ್ಕು ಮಹಡಿ ಅದಕ್ಕೆ ಕಾಣುವುದಿಲ್ಲ.

2ನೇ ಕ್ರಾಸ್, ಹಸಿರು ಗೇಟು:
ಅದರ ಉತ್ತರಕ್ಕೆ ಇರುವುದು ನಮ್ಮ ಮನೆ. ನಿನ್ನೆ ಮಧ್ಯಾಹ್ನ ಮೇಲೆ ಹೋಗಿ ನೋಡಿದೆ, ನೆರಳೇ ಇಲ್ಲ. ನಮ್ಮದು ಓಕೆ ಅಂತ ಬರೆದುಕೊಳ್ಳಿ.

ಮೇಷ್ಟ್ರು, ಪಾರ್ಕ್ ಎದುರು:
ಬರೆದುಕೊಳ್ಳಬೇಡಿ! ಈಗ ಮೇ ತಿಂಗಳು. ಏಪ್ರಿಲ್ ಕೊನೆ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ದಕ್ಷಿಣದ ಕಟ್ಟಡದ ನೆರಳು ನಿಮ್ಮ ಕಡೆ ಹೇಗೆ ಬಂದೀತು? ಡಿಸೆಂಬರ್ 21ರ ಹೊತ್ತಿಗೆ ಮಧ್ಯಾಹ್ನವೂ ಅವನು 53 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಆಗ ನಿಮ್ಮ ತಾರಸಿಗಿಂತ 10 ಅಡಿ ಎತ್ತರದ ಗೋಡೆಯ ನೆರಳು ಏಳೂವರೆ ಅಡಿ ಚಾಚುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಅದೇ ಗೋಡೆಗೆ 15 ಅಡಿ. ಬಿಸಿನೀರು ಬೇಕಾಗುವುದೇ ಆ ಚಳಿಯಲ್ಲಿ. ಹಾಗಾಗಿ ನಕ್ಷೆಯಲ್ಲಿ ಇವತ್ತಿನ ನೆರಳಲ್ಲ, ದಕ್ಷಿಣದ ಕಟ್ಟಡ ನಿಮಗಿಂತ ಎಷ್ಟು ಎತ್ತರ, ಎಷ್ಟು ದೂರ, ಅದು ಬರೆಯಬೇಕು.

2ನೇ ಕ್ರಾಸ್, ಹಸಿರು ಗೇಟು:
ಅಯ್ಯೋ, ಅದು ನಮಗಿಂತ ಎರಡು ಮಹಡಿ ಎತ್ತರ ಮೇಷ್ಟ್ರೇ.

ಮೇಷ್ಟ್ರು, ಪಾರ್ಕ್ ಎದುರು:
ಹಾಗಾದರೆ ಪ್ಯಾನೆಲ್ ನಿಮ್ಮ ತಾರಸಿಯ ಉತ್ತರದ ಅಂಚಿಗೆ ಹೋಗಬೇಕು, ದಕ್ಷಿಣಕ್ಕೆ ಮುಖ ಮಾಡಿ. ಅಲ್ಲೂ ಬಿಸಿಲು ಸಿಗದಿದ್ದರೆ ದುಡ್ಡು ಹಾಕಬೇಡಿ. ಏಜೆಂಟ್ ಇದನ್ನು ಹೇಳುವುದಿಲ್ಲ.

3ನೇ ಕ್ರಾಸ್, ಕೊನೆ ಮನೆ:
ನಮ್ಮ ಕಡೆ ಹೇಮಾವತಿ ನೀರು ಸಾಲುವುದಿಲ್ಲ, ಜಾಸ್ತಿ ಬೋರ್ ನೀರೇ. ಗೀಸರ್ ಕಾಯಿಲ್ ಮೇಲೆ ಸುಣ್ಣದ ಹಾಗೆ ಬಿಳಿ ಕಟ್ಟುತ್ತದೆ. ಸೋಲಾರ್‌ಗೂ ಹಾಗೇ ಆಗುತ್ತದಾ?

3ನೇ ಕ್ರಾಸ್, ಮೂಲೆ ಮನೆ:
ಆಗುತ್ತದೆ ಅಕ್ಕ. ಚಪ್ಪಟೆ ಪ್ಯಾನೆಲ್ ಒಳಗಿನ ತಾಮ್ರದ ಪೈಪು ಸಣ್ಣದು, ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಟ್ಯೂಬಿನದಾದರೆ ಬಿಚ್ಚಿ ತೊಳೆಯಬಹುದು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರನ್ನೇ ಬಳಸುವವರಿಗೆ ಈ ತಲೆನೋವು ಕಮ್ಮಿ. ಅದಕ್ಕೇ ಎಲ್ಲರಿಗೂ ಒಂದೇ ಮಾಡೆಲ್ ಬೇಡ ಅಂದದ್ದು. ಇನ್ನೊಂದು, ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿ ಇದೆಯಾ ಅಂತಲೂ ನೋಡಿ.

1ನೇ ಕ್ರಾಸ್, ಮೆಡಿಕಲ್ ಸ್ಟೋರ್ ಮೇಲಿನ ಮನೆ:
ಸರಿ, ಒಪ್ಪಿದೆ. ನನ್ನ ಹತ್ತಿರ ಉದ್ದದ ಟೇಪು ಇದೆ, ಭಾನುವಾರ ಬೆಳಗ್ಗೆ 1ನೇ ಕ್ರಾಸ್ ನಾನು ಅಳೆಯುತ್ತೇನೆ. ಬಾಡಿಗೆ ಮನೆಯವರು ಏನು ಮಾಡಬೇಕು?

3ನೇ ಕ್ರಾಸ್, ಮೂಲೆ ಮನೆ:
ಓನರ್‌ಗೆ ಇವತ್ತೇ ಫೋನ್ ಮಾಡಿ, ತಾರಸಿ ಬೀಗದ ಕೈ ಶನಿವಾರದೊಳಗೆ ಇಸಿದುಕೊಳ್ಳಿ. ಏಜೆಂಟ್‌ಗೆ ಅಲ್ಲಿಯವರೆಗೆ ಯಾರೂ ಅಡ್ವಾನ್ಸ್ ಕೊಡಬೇಡಿ.