ತಂಗಿಯ ಪಾಸ್‌ಪೋರ್ಟ್ ಕುವೈತಿನ ಯಜಮಾನರ ಬೀರುವಿನಲ್ಲಿದೆ, ಏನು ಮಾಡಲಿ?

ಪ್ರಶ್ನೆ: ವಕೀಲರ ಮೇಡಂಗೆ ನಮಸ್ಕಾರ. ನನ್ನ ತಂಗಿ ಕುವೈತಿನಲ್ಲಿ ಮನೆಕೆಲಸಕ್ಕೆ ಹೋಗಿ 14 ತಿಂಗಳಾಯ್ತು. ಓದಿದ್ದು ಏಳನೇ ಕ್ಲಾಸು. ಏಜೆಂಟ್ ಮೊದಲು ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸಿದ, ಅಲ್ಲಿಂದ ಕುವೈತಿಗೆ. ನಾಲ್ಕು ತಿಂಗಳಿಂದ ಸಂಬಳ ಇಲ್ಲ. ಪಾಸ್‌ಪೋರ್ಟ್ ಬಾಬಾನ, ಅಂದ್ರೆ ಮನೆ ಯಜಮಾನರ, ಬೀರುವಿನಲ್ಲಿದೆ. ಶುಕ್ರವಾರ ಹತ್ತು ನಿಮಿಷ ಮಾತ್ರ ಫೋನ್ ಕೊಡ್ತಾರೆ. ಊರಿಗೆ ಬರಬೇಕು ಅಂತ ಅಳ್ತಾಳೆ. ಏಜೆಂಟ್ ಎರಡು ಲಕ್ಷ ಕಟ್ಟಿ ಕರೆಸಿಕೊಳ್ಳಿ ಅಂತಾನೆ. ಅಗ್ರಿಮೆಂಟಿನ ಫೋಟೋ ಹಾಕಿದ್ದೇನೆ.

ಉತ್ತರ: ಅಣ್ಣಾ, ಆ ಎರಡು ಲಕ್ಷ ಮಾತ್ರ ಕೊಡಬೇಡಿ.

ಫೋಟೋ ದೊಡ್ಡದು ಮಾಡಿ ನೋಡಿದೆ. ಎರಡನೇ ಹಾಳೆಯ ಕೆಳಗೆ ಅರಬ್ಬಿಯಲ್ಲಿ ಒಂದು ಸಾಲಿದೆ. ಅದರ ಪಕ್ಕ ನಿಮ್ಮ ತಂಗಿ ಕನ್ನಡದಲ್ಲಿ, ದುಂಡಗೆ, ಸಹಿ ಹಾಕಿದ್ದಾರೆ. ಅರಬ್ಬಿ ಬಲ್ಲವರಿಂದ ಓದಿಸಿದೆ. 'ಪಾಸ್‌ಪೋರ್ಟ್ ಯಜಮಾನರ ಬಳಿ ಇರಲು ನನ್ನ ಒಪ್ಪಿಗೆ ಇದೆ' ಅಂತ ಬರೆದಿದೆ. ಏನಕ್ಕೆ ಸಹಿ ಅಂತ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಇದನ್ನು ನೋಡಿ ನನಗೆ ತುಂಬಾ ಸಂಕಟವಾಯ್ತು.

ಆ ಸಾಲು ಯಾಕಿದೆ ಗೊತ್ತಾ? ಮನೆಕೆಲಸದವರಿಗಾಗಿ ಕುವೈತ್ 2015ರಲ್ಲೇ 68ನೇ ನಂಬರಿನ ಕಾನೂನು ತಂದಿದೆ. ಕೆಲಸದವರ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ ಅಂತ ಅದರಲ್ಲೇ ಇದೆ. ವಾರಕ್ಕೊಂದು ರಜೆ ಕೊಡಬೇಕು. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಬಾರದು. ಸಂಬಳ ತಡವಾದರೆ ತಿಂಗಳಿಗೆ 10 ದಿನಾರ್ ಸೇರಿಸಿ ಕೊಡಬೇಕು. 2016ರಲ್ಲಿ ಕನಿಷ್ಠ ಸಂಬಳ 60 ದಿನಾರ್ ಅಂತ ನಿಗದಿಯೂ ಆಯ್ತು. ಕಾನೂನು ಇದೆ. ಆದರೆ ತಂಗಿಯದು 20ನೇ ನಂಬರಿನ ವೀಸಾ, ಅಲ್ಲಿನವರು ಖಾದಿಮ್ ವೀಸಾ ಅಂತಾರಲ್ಲ, ಅದು. ಅದು ಒಂದೇ ಮನೆಗೆ ಕಟ್ಟಿಹಾಕಿದ ವೀಸಾ. ಆ ಮನೆಯವರೇ ಕಫೀಲ್, ಅಂದರೆ ವೀಸಾದ ಹೊಣೆ ಹೊತ್ತವರು. ಹೇಳದೆ ಹೊರಗೆ ಕಾಲಿಟ್ಟರೆ 'ಪರಾರಿ' ಅಂತ ದೂರು ಕೊಡಬಹುದು. ಆಗ ಸಂಬಳ ಕೊಡದವರು ಆರಾಮಾಗಿರ್ತಾರೆ, ದುಡಿದವಳು ಸಿಕ್ಕಿಬೀಳ್ತಾಳೆ.

ಅದಕ್ಕೇ ಸುಮ್ನೆ ಓಡಿಬಾ ಅಂತ ಹೇಳಬೇಡಿ. ಹೊಡೆತ ಬಡಿತ ಇದ್ದರೆ ಮಾತ್ರ ಯಾವುದಕ್ಕೂ ಕಾಯದೆ ನೇರ ಭಾರತೀಯ ದೂತಾವಾಸಕ್ಕೆ ಹೋಗಲಿ. ಇಲ್ಲವಾದರೆ ಮೊದಲು ನೀವು ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಿ. ಊರಲ್ಲಿರುವ ಮನೆಯವರು ಹಾಕಬಹುದು, ತಂಗಿಯ ಪಾಸ್‌ಪೋರ್ಟ್ ನಂಬರ್ ಬೇಕು. ಪಾಸ್‌ಪೋರ್ಟ್ ಸಿಗದಿದ್ದರೂ ದೂತಾವಾಸ ಔಟ್‌ಪಾಸ್, ಅಂದರೆ ಪಾಸ್‌ಪೋರ್ಟ್ ಬದಲಿಗೆ ಊರಿಗೆ ಬರುವ ಪತ್ರ, ಕೊಟ್ಟು ಕಳಿಸಬಹುದು. ಟಿಕೆಟ್ಟಿಗೆ ಗತಿಯಿಲ್ಲದವರಿಗೆ ಅಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ.

ಇನ್ನು ಏಜೆಂಟ್. ಹತ್ತನೇ ಕ್ಲಾಸ್ ಪಾಸಾಗದವರು ಕುವೈತಿಗೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರ್ಕಾರದ ಅನುಮತಿ, ಬೇಕು. ಅದನ್ನು ತಪ್ಪಿಸೋಕೇ ದುಬೈ ಸುತ್ತಿಸಿದ್ದು. ಕ್ಲಿಯರೆನ್ಸ್ ಜೊತೆ ಬರುವ 10 ಲಕ್ಷದ ವಿಮೆಯೂ ಹೀಗೇ ತಪ್ಪಿಹೋಯ್ತು. ಲೈಸೆನ್ಸ್ ಇರುವ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಲೈಸೆನ್ಸ್ ಇಲ್ಲದೆ ಜನ ಕಳಿಸಿದರೆ 1983ರ ವಲಸೆ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು. ನಿಮ್ಮ ಠಾಣೆಯಲ್ಲಿ ದೂರು ಕೊಡಿ, ಅವನ ವಾಟ್ಸಾಪ್ ಮೆಸೇಜು ಅಳಿಸಬೇಡಿ.

ಇನ್ನೊಬ್ಬರು: ದುಡ್ಡಿಗೆ ಅಂತ ಪರದೇಶಕ್ಕೆ ಹೋದಮೇಲೆ ಅವರ ರೂಲ್ಸ್ ಪಾಲಿಸಬೇಕಲ್ವಾ ಮೇಡಂ?

ಉತ್ತರ: ಪಾಲಿಸಲಿ ಅಂತಾನೇ ನಾನೂ ಕೇಳ್ತಿರೋದು. ಮೇಲೆ ಬರೆದ ಪಾಸ್‌ಪೋರ್ಟ್, ರಜೆ, ಸಂಬಳದ ಮಾತೆಲ್ಲ ಕುವೈತಿನದೇ ರೂಲ್ಸ್. ಯಾವ ದೇಶದಲ್ಲಿದ್ದರೂ ಅದನ್ನು ಬಿಟ್ಟು ಹೊರಡುವ ಹಕ್ಕು ಎಲ್ಲರಿಗೂ ಇದೆ ಅಂತ 1948ರ ವಿಶ್ವಸಂಸ್ಥೆಯ ಮಾನವ ಹಕ್ಕು ಘೋಷಣೆ 13ನೇ ಕಲಮಿನಲ್ಲಿ ಹೇಳ್ತದೆ. ಅದೇ ಮಾತಿರುವ ನಾಗರಿಕ ಹಕ್ಕುಗಳ ಒಪ್ಪಂದವನ್ನು ಭಾರತ 1979ರಲ್ಲಿ, ಕುವೈತ್ 1996ರಲ್ಲಿ ಒಪ್ಪಿಕೊಂಡಿವೆ. ಭಾರತದ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಯಾವ ಬಾಬಾನದೂ ಅಲ್ಲ.

ಮತ್ತೊಬ್ಬರು: ಕೊಲ್ಲಿ ಪೂರ್ತಿ ಇದೇ ಕಥೆನಾ?

ಉತ್ತರ: ಎಲ್ಲಾ ಕಡೆ ಒಂದೇ ಥರ ಇಲ್ಲ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೇ ಮಾಲೀಕರ ಎನ್‌ಒಸಿ (ಒಪ್ಪಿಗೆ ಪತ್ರ) ಬೇಡ ಅಂತ ಕಾನೂನು ಬದಲಿಸಿತು, ಮನೆಕೆಲಸದವರಿಗೂ ಸೇರಿಸಿ. ಕೊಲ್ಲಿಯ ಆಚೆ ಲೆಬನಾನಿನಲ್ಲಿ ಮನೆಕೆಲಸದವರು ಕಾರ್ಮಿಕ ಕಾನೂನಿನ ಒಳಗೇ ಬರೋದಿಲ್ಲ. ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಮನೆಕೆಲಸದವರ ಹಕ್ಕಿನ ಬಗ್ಗೆ 2011ರಲ್ಲಿ ಬಂದ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಒಪ್ಪಂದಕ್ಕೆ ಭಾರತವೂ ಇನ್ನೂ ಸೇರಿಲ್ಲ.

ಪ್ರಶ್ನೆ ಕೇಳಿದವರು: ಮೇಡಂ, ಮದದ್‌ನಲ್ಲಿ ಹಾಕಿದೆ, ದೂರಿನ ನಂಬರ್ ಬಂತು. ನಾಳೆ ಶುಕ್ರವಾರ. ಏನು ಕೇಳಲಿ?

ಉತ್ತರ: ಊಟ ಮಾಡಿದ್ಯಾ, ಯಾರಾದ್ರೂ ಹೊಡೀತಾರಾ ಅಂತ ಮೊದಲು ಕೇಳಿ. ಆ ಮನೆಯೊಡತಿ ಪಕ್ಕದಲ್ಲೇ ನಿಂತಿದ್ದರೂ ಕನ್ನಡ ತಿಳಿಯೋದಿಲ್ಲ ಅಲ್ವಾ, ಧೈರ್ಯವಾಗಿ ಮಾತಾಡಲಿ. ಆಮೇಲೆ ಸಿವಿಲ್ ಐಡಿ ನಂಬರ್, ಏರಿಯಾ, ಬ್ಲಾಕ್, ಸ್ಟ್ರೀಟ್ ಬರೆದುಕೊಳ್ಳಿ. ಅದು ಗೊತ್ತಿಲ್ಲ ಅಂದರೆ, ಕಟ್ಟಡದ ಗೋಡೆ ಮೇಲೆ 'ಪಾಸಿ' (ಅಲ್ಲಿನ ಸರ್ಕಾರಿ ನಾಗರಿಕ ಮಾಹಿತಿ ಕಚೇರಿ) ಪ್ಲೇಟಿನಲ್ಲಿ ಎಂಟು ಅಂಕಿಯ ನಂಬರ್ ಇರ್ತದೆ. ಕಸ ಹಾಕಲು ಬಾಗಿಲಿಗೆ ಬಂದಾಗ ಅದೊಂದನ್ನು ನೋಡಿಟ್ಟುಕೊಳ್ಳಲಿ. ಅದು ಸಿಕ್ಕರೆ ಮನೆ ಯಾವುದು ಅಂತ ಗೊತ್ತಾಗ್ತದೆ.