ನೀರು ತುಂಬಿದ ಹೋಲ್‌ಗೆ ಟೇಪ್ ಬಿಟ್ಟರೆ ಒಂದೊಂದು ಸಲ ಒಂದೊಂದು ಲೆಕ್ಕ, ಯಾವುದನ್ನು ನಂಬೋದು?

ಪ್ರಶ್ನೆ, ಮೋಶಿ ಕಡೆಯಿಂದ:

ಎಲ್ಲರಿಗೂ ನಮಸ್ಕಾರ. ಊರು ಬಾಗಲಕೋಟೆ ಕಡೆ, ಈಗ ಪುಣೆಯ ಮೋಶಿ ಹತ್ತಿರ ಒಂದು ಕಲ್ಲು ಕ್ವಾರಿಯಲ್ಲಿ ಸೂಪರ್‌ವೈಸರ್. ಕೆಲಸಕ್ಕೆ ಹೊಸಬ. 6 ಮೀಟರ್ ಬೆಂಚ್ (ಮೆಟ್ಟಿಲಿನ ಹಾಗೆ ಕಡಿಯುವ ಕಲ್ಲಿನ ಹಂತ), ಸ್ಫೋಟಕ ಮದ್ದು ತುಂಬಲು 100 ಮಿ.ಮೀ. ಹೋಲ್, ಡಿಟಿಎಚ್ ಮಷಿನ್ (ತೂತಿನ ತಳದಲ್ಲೇ ಹ್ಯಾಮರ್ ಬಡಿಯುವ ಡ್ರಿಲ್). ಮಳೆ ಹಿಡಿದ ಮೇಲೆ ಎಲ್ಲ ಹೋಲ್‌ನಲ್ಲೂ ನೀರು ನಿಂತಿದೆ. ಡ್ರಿಲ್ಲರ್ 6.75 ಮೀಟರ್ (ನೆಲ ಚೊಕ್ಕ ಒಡೆಯಲಿ ಅಂತ ಬೆಂಚಿಗಿಂತ 75 ಸೆಂ.ಮೀ. ಜಾಸ್ತಿ) ಹೊಡೆದಿದ್ದೀನಿ ಅಂತಾನೆ. ನಾವು ಟೇಪ್ ತುದಿಗೆ ಕಲ್ಲು ಕಟ್ಟಿ ಬಿಟ್ಟರೆ ಒಂದು ಸಲ 6.4, ಇನ್ನೊಂದು ಸಲ 5.9, ಒಮ್ಮೊಮ್ಮೆ 7 ದಾಟಿ ಹೋಗುತ್ತದೆ. ಅದೇ ಹೋಲ್, ಅದೇ ಟೇಪ್! ಬ್ಲಾಸ್ಟ್ ಆದ ಮೇಲೆ ನೆಲದಲ್ಲಿ ಗಟ್ಟಿ ಕಲ್ಲು ಉಬ್ಬಿಕೊಂಡು ಉಳಿಯುತ್ತಿದೆ. ಅದನ್ನು ಒಡೆಯುವ ಬ್ರೇಕರ್ ಮಷಿನ್ ಬಾಡಿಗೆ ಜಾಸ್ತಿ ಆಯ್ತು ಅಂತ ಮಾಲೀಕರು ನನ್ನ ಮೇಲೆ ಹಾರಾಡುತ್ತಾರೆ. ನೀರಿನ ಹೋಲ್ ಅಳೆದು ಅನುಭವ ಇರುವವರು ದಯವಿಟ್ಟು ಹೇಳಿ.

ವಾಘೋಲಿಯಿಂದ, ಬ್ಲಾಸ್ಟರ್:

ಸರ್, ಮೊದಲು ಆ ಕಲ್ಲು ಬಿಚ್ಚಿ ಎಸೆಯಿರಿ. ನಮ್ಮ ಕಡೆಯ ಕಪ್ಪುಕಲ್ಲು ನೀರಿಗಿಂತ ಸುಮಾರು 2.8 ಪಟ್ಟು ಭಾರ, ಅಷ್ಟೇ. ನೀರಿಗೆ ಇಳಿದ ಕೂಡಲೇ ಅದರ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಯಿತು ಅಂತಲೇ ಲೆಕ್ಕ. ಕಾಲು ಕೆ.ಜಿ. ಕಲ್ಲು ಕಟ್ಟಿದ್ದರೆ ಕೈಗೆ ತಿಳಿಯೋದು 160 ಗ್ರಾಂ. ಅದರ ಮೇಲೆ ಫೈಬರ್ ಟೇಪ್ ನೀರಿನಲ್ಲಿ ಅಲೆದಾಡುತ್ತದೆ, ಒದ್ದೆ ಗೋಡೆಗೆ ಅಂಟುತ್ತದೆ. ಕಲ್ಲು ತಳ ಮುಟ್ಟಿದ್ದು ಗೊತ್ತೇ ಆಗಲ್ಲ. ನೀವು ಬಿಡ್ತಾ ಹೋಗ್ತೀರಿ, ಟೇಪ್ ಒಳಗೆ ಸುಮ್ನೆ ಮಡಚಿಕೊಳ್ತಾ ಹೋಗುತ್ತದೆ. ನಿಮ್ಮ 7 ಮೀಟರ್ ಬಂದದ್ದು ಹೀಗೆ.

ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಒಂದು ಗುಂಡು ಮಾಡಿಸಿ. ದಪ್ಪ 32 ಮಿ.ಮೀ., ಉದ್ದ 15 ಸೆಂ.ಮೀ. ಇದ್ದರೆ ಸರಿಯಾಗಿ ಒಂದು ಕೆ.ಜಿ. ಬರುತ್ತದೆ. ನೀರಿನಲ್ಲಿ ಅದು ಕಳೆದುಕೊಳ್ಳೋದು ಎಂಟರಲ್ಲೊಂದು ಪಾಲು. ಹೋಲ್‌ನ ಮೂರನೇ ಒಂದು ಭಾಗದಷ್ಟು ದಪ್ಪ ಸಾಕು. ಅದಕ್ಕಿಂತ ದಪ್ಪ ಮಾಡಿದರೆ ಗೋಡೆಯ ಮೊನೆಗೆ ಸಿಕ್ಕಿಕೊಂಡು ಅದನ್ನೇ ತಳ ಅಂತ ತೋರಿಸುತ್ತದೆ. ಕಬ್ಬಿಣ ಅಗ್ಗ ಅಲ್ವಾ ಅಂತ ಕೇಳಬಹುದು. ಮದ್ದು ತುಂಬುವ ಜಾಗಕ್ಕೆ ಕಿಡಿ ಹಾರಿಸುವ ಲೋಹ ತರೋದೇ ಬೇಡ. ಇವತ್ತು ಖಾಲಿ ಹೋಲ್‌ಗೆ ಬಿಟ್ಟ ಗುಂಡನ್ನು ನಾಳೆ ಯಾರೋ ಹುಡುಗ ತುಂಬಿದ ಹೋಲ್‌ಗೂ ಬಿಡ್ತಾನೆ.

ಗುಂಡು ಕಟ್ಟಿದ ಮೇಲೆ ಗುಂಡಿನ ಬುಡದಿಂದ ಟೇಪಿನ ಸೊನ್ನೆ ಗುರುತಿನವರೆಗೆ ಎಷ್ಟಿದೆ ಅಂತ ಅಳೆದು, ಟೇಪಿನ ಡಬ್ಬಿಯ ಮೇಲೆಯೇ ಮಾರ್ಕರ್‌ನಲ್ಲಿ ಬರೆದುಬಿಡಿ. ಗುಂಡು, ಕೊಂಡಿ, ಗಂಟು ಎಲ್ಲ ಸೇರಿ ಸುಲಭವಾಗಿ 20 ಸೆಂ.ಮೀ. ಆಗುತ್ತದೆ. ಇದನ್ನು ಕೂಡಿಸದೆ ಡ್ರಿಲ್ಲರ್ ಜೊತೆ ಜಗಳಕ್ಕೆ ನಿಲ್ಲುವವರು ಎಷ್ಟೋ ಜನ.

ಇನ್ನು ಬಿಡುವ ರೀತಿ. ಟೇಪ್ ಬೆರಳುಗಳ ನಡುವೆ ಬಿಗಿಯಾಗಿರಲಿ, ಗುಂಡಿನ ಭಾರ ಸದಾ ಕೈಗೆ ತಿಳೀತಾ ಇರಬೇಕು. ಭಾರ ತಪ್ಪಿದ ಕ್ಷಣ ನಿಲ್ಲಿಸಿ. ಒಂದು ಮೊಳ ಮೇಲೆತ್ತಿ ಮತ್ತೆ ಬಿಡಿ. ಗಟ್ಟಿ ತಳವಾದರೆ ಟಕ್ ಅಂತ ಕೈಗೆ ಬಡಿಯುತ್ತದೆ, ಪ್ರತಿ ಸಲ ಅದೇ ಅಂಕಿ ಬರುತ್ತದೆ. ಕೆಸರಾದರೆ ಬಡಿತ ಇರಲ್ಲ, ಮೆತ್ತಗೆ ನಿಲ್ಲುತ್ತದೆ, ಎತ್ತುವಾಗ ಹಿಡಿದೆಳೆದ ಹಾಗೆ ಆಗುತ್ತದೆ, ಪ್ರತಿ ಸಲವೂ ನಾಲ್ಕೈದು ಸೆಂ.ಮೀ. ಕೆಳಗೆ ಹೋಗುತ್ತದೆ. ನಿಮ್ಮ 5.9 ಕೆಸರಿನ ಮೇಲ್ಮೈ ಇರಬಹುದು, 6.4 ಕೆಸರಿನೊಳಗೆ ಕಲ್ಲು ಇಳಿದದ್ದು ಇರಬಹುದು. ಎರಡೂ ಸುಳ್ಳಲ್ಲ. ಆದರೆ ಮದ್ದು ಕೂರೋದು ಕೆಸರಿನ ಮೇಲೆ, ಹಾಗಾಗಿ ಬ್ಲಾಸ್ಟ್‌ಗೆ ಲೆಕ್ಕ 5.9. ನೆಲ ಇರೋದು 6ಕ್ಕೆ. ನೆಲಕ್ಕಿಂತ 10 ಸೆಂ.ಮೀ. ಮೇಲೇ ಮದ್ದು ನಿಂತರೆ ಟೋ (ಬುಡದಲ್ಲಿ ಒಡೆಯದೆ ಉಬ್ಬಿ ನಿಲ್ಲುವ ಕಲ್ಲು) ಉಳಿಯದೆ ಇನ್ನೇನಾಗುತ್ತದೆ?

ಮುಂಬೈಯಿಂದ, ಪೈಲಿಂಗ್ ಕೆಲಸದವನು:

ನಾನು ಗಣಿಯವನಲ್ಲ, ಕಟ್ಟಡ, ಸೇತುವೆಗೆ ಪೈಲ್ (ನೆಲದಾಳದ ಕಾಂಕ್ರೀಟ್ ಕಂಬ) ಹಾಕುವ ಕೆಲಸ. ಆದರೆ ನಮ್ಮ ಗುಂಡಿಗಳಲ್ಲಿ ಯಾವಾಗಲೂ ನೀರು ಇಲ್ಲಾ ಬೆಂಟೋನೈಟ್ (ಗೋಡೆ ಕುಸಿಯದಿರಲಿ ಅಂತ ತುಂಬುವ ಜೇಡಿಮಣ್ಣಿನ ನೀರು) ತುಂಬಿರುತ್ತದೆ, ಕಾಂಕ್ರೀಟ್ ಸುರಿಯುವ ಮೊದಲು ತಳದಲ್ಲಿ ರಾಡಿ ಎಷ್ಟಿದೆ ಅಂತ ನೋಡಲೇಬೇಕು. ಇದಕ್ಕೆ ಎರಡು ತೂಕ ಇಟ್ಟುಕೊಳ್ಳಿ. ಒಂದರ ಬುಡ ಚಪ್ಪಟೆ, ಅಗಲ ತಟ್ಟೆಯ ಹಾಗೆ. ಇನ್ನೊಂದರದು ಚೂಪು ಮೊನೆ. ಚಪ್ಪಟೆಯದು ರಾಡಿಯ ಮೇಲೆ ಕೂರುತ್ತದೆ, ಚೂಪಿನದು ರಾಡಿ ಸೀಳಿಕೊಂಡು ಗಟ್ಟಿ ತಳಕ್ಕೆ ಹೋಗುತ್ತದೆ. ಎರಡರ ವ್ಯತ್ಯಾಸವೇ ರಾಡಿಯ ದಪ್ಪ. ನಿಮ್ಮ 100 ಮಿ.ಮೀ. ಹೋಲ್‌ಗೆ 60 ಮಿ.ಮೀ. ತಟ್ಟೆ ಸಾಕಾಗಬಹುದು. ನೀರು ದಾಟಿ ಹೋಗಲಿ ಅಂತ ತಟ್ಟೆಯಲ್ಲಿ ನಾಲ್ಕು ತೂತು ಕೊರೆಸಿ, ಇಲ್ಲದಿದ್ದರೆ ಇಳಿಯೋದೇ ಇಲ್ಲ. ಇದರಿಂದ ಡ್ರಿಲ್ಲರ್ ಹೊಡೆದದ್ದು ಕಡಿಮೆಯೋ, ಹೊಡೆದದ್ದು ಸರಿಯಿದ್ದು ಆಮೇಲೆ ತುಂಬಿಕೊಂಡಿತೋ ಅನ್ನೋದೂ ಗೊತ್ತಾಗುತ್ತದೆ. ಜಗಳ ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತದೆ.

ಚಾಕಣದಿಂದ, ಹಳೆಯ ಡ್ರಿಲ್ಲರ್:

ತಮ್ಮಾ, ಡ್ರಿಲ್ಲರ್ ಮೇಲೆ ಕೂಗೋ ಮುಂಚೆ ಇದನ್ನು ಕೇಳು. ನಾವು ಆಳ ಹೇಳೋದು ರಾಡ್ ಎಣಿಸಿ. ರಾಡ್‌ಗಳ ಉದ್ದ, ಹ್ಯಾಮರ್ ಮತ್ತು ಬಿಟ್‌ನ (ಕಲ್ಲು ಕೊರೆಯುವ ತುದಿಯ) ಉದ್ದ ಕೂಡಿಸಿ, ನೆಲದಿಂದ ಮೇಲೆ ಉಳಿದದ್ದನ್ನು ಕಳೆದರೆ ಆಳ. ಅದು ಬಿಟ್ ಮುಟ್ಟಿದ ಆಳ. ಬಿಟ್ ಮೇಲೆ ಬಂದ ಮೇಲೆ ಹೋಲ್ ಏನಾಗುತ್ತದೆ ಅನ್ನೋದು ನಮ್ಮ ಕೈಯಲ್ಲಿಲ್ಲ.

ಪುಣೆಯ ನೆಲ ಲಾವಾ ಪದರಗಳದ್ದು. ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಕೆಲವು ಕಡೆ ಕೆಂಪು ಮಣ್ಣಿನ ಪಟ್ಟಿ ಸಿಗುತ್ತದೆ. ಪದರದ ಮೇಲ್ಭಾಗದಲ್ಲಿ ಗಾಳಿಗುಳ್ಳೆಯ ಪೊಳ್ಳು ಕಲ್ಲು ಇರುತ್ತದೆ. (ವಾಘೋಲಿ ಕ್ವಾರಿಗಳ ನೀಲಿ ಕ್ಯಾವನ್ಸೈಟ್ ಹರಳು ಬರೋದೂ ಇಂಥ ಪೊಳ್ಳಿನಿಂದಲೇ, ಹೊರದೇಶದವರು ದುಡ್ಡು ಕೊಟ್ಟು ಒಯ್ಯುತ್ತಾರೆ.) ನೀರು ಬರೋದು ಈ ಸಂದುಗಳಿಂದ. ಆ ಕೆಂಪು ಮಣ್ಣು ನೀರಿಗೆ ಕರಗಿ ಇಡ್ಲಿ ಹಿಟ್ಟಿನ ಹದಕ್ಕೆ ಬಂದು ತಳಕ್ಕೆ ಕೂರುತ್ತದೆ. ಡ್ರಿಲ್ ಮಾಡುವಾಗ ಪುಡಿ ಕಪ್ಪಿನಿಂದ ಕೆಂಪಿಗೆ ತಿರುಗಿದರೆ ಎಷ್ಟು ಮೀಟರಿಗೆ ತಿರುಗಿತು ಅಂತ ಡ್ರಿಲ್ಲರ್ ಹತ್ತಿರ ಬರೆಸಿಕೋ. ಆ ಹೋಲ್‌ನ ಆಳ ಖಂಡಿತ ಕಡಿಮೆಯಾಗುತ್ತದೆ.

ಇನ್ನೊಂದು, ನೀರಿನ ಹೋಲ್‌ನಲ್ಲಿ ಹ್ಯಾಮರ್‌ಗೆ ಬಲ ಕಡಿಮೆ. 10 ಮೀಟರ್ ನೀರು ನಿಂತರೆ ಒಂದು ಕೆ.ಜಿ. ಪ್ರೆಷರ್ ಎದುರಿಗೆ ತಳ್ಳುತ್ತದೆ, ಪುಡಿಯೂ ಸರಿಯಾಗಿ ಮೇಲೆ ಬರಲ್ಲ. ಹಾಗಾಗಿ ಆಳ ಮುಟ್ಟಿದ ಮೇಲೆ ರಾಡ್ ತಿರುಗಿಸುತ್ತಾ ಒಂದೆರಡು ನಿಮಿಷ ಗಾಳಿ ಬಿಟ್ಟು ತಳ ತೊಳೆದು ಆಮೇಲೆ ಎತ್ತಬೇಕು. ಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ಇದನ್ನು ಯಾರೂ ಮಾಡಲ್ಲ, ಯಾಕೆ ಮಾಡಬೇಕು? ಆ ಎರಡು ನಿಮಿಷಕ್ಕೆ ಕೂಲಿ ಇಲ್ಲ. ನಿಮ್ಮ ಮಾಲೀಕರಿಗೆ ಇದನ್ನು ಹೇಳು. ರೇಟನ್ನು ಹೊಡೆದ ಮೀಟರ್‌ಗೆ ಕಟ್ಟದೆ, ಟೇಪ್‌ಗೆ ಸಿಕ್ಕ ಮೀಟರ್‌ಗೆ ಕಟ್ಟಿದರೆ ಹೋಲ್ ತಾನಾಗೇ ಚೊಕ್ಕಟ ಆಗುತ್ತದೆ. ಆದರೆ ಆಗ ಅಳೆಯೋದು ರಾಡ್ ಎತ್ತಿದ ಕೂಡಲೇ, ಡ್ರಿಲ್ಲರ್ ಎದುರಿಗೇ ಆಗಬೇಕು. ರಾತ್ರಿಯೆಲ್ಲಾ ಮಳೆ ಸುರಿದು ಕುಸಿದದ್ದನ್ನು ಬೆಳಿಗ್ಗೆ ಅಳೆದು ನಮ್ಮ ದುಡ್ಡು ಕತ್ತರಿಸಬೇಡಿ.

ಹೋಲ್ ಬಾಯಿಯ ಸುತ್ತ ಗುಡ್ಡೆ ಬಿದ್ದ ಪುಡಿಯನ್ನು ಸಲಿಕೆಯಿಂದ ಹಿಂದಕ್ಕೆ ಎಳೆದು ಹಾಕಿಸು. ಮೊದಲ ಮಳೆಗೆ ಅದೇ ಒಳಗೆ ಹೋಗೋದು. ಬಾಯಿ ಸಡಿಲ ಇದ್ದರೆ ಒಂದು ಮೀಟರ್ ಪಿವಿಸಿ ಪೈಪ್ ತುಂಡು ಇಳಿಸಿ, ಮೇಲೆ ಗೋಣಿಚೀಲ ಮುಚ್ಚಿಸು.

ಗೋವಾ, ಬಿಚೋಲಿ ಕಡೆಯಿಂದ:

ಮೊದಲು ಕಬ್ಬಿಣದ ಅದಿರಿನ ಗಣಿಯಲ್ಲಿದ್ದೆ. 2018ರಲ್ಲಿ ಸುಪ್ರೀಂ ಕೋರ್ಟ್ 88 ಲೀಸ್ ರದ್ದು ಮಾಡಿದ ಮೇಲೆ ಕೆಲಸ ಹೋಗಿ ಕಲ್ಲು ಕ್ವಾರಿಗೆ ಬಂದವನು. ಅದಿರು ಹೆಚ್ಚಿನ ಕಡೆ ಮೆತ್ತಗಿನ ಪುಡಿ, ಬಕೆಟ್‌ಗೇ ಬರುತ್ತಿತ್ತು, ಬ್ಲಾಸ್ಟಿಂಗ್ ಕಡಿಮೆ. ಆದರೆ ನೀರಿನ ಕಾಟ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಎಲ್ಲರೂ ತಳದ ಬಗ್ಗೆ ಹೇಳಿದ್ದಾರೆ, ನಾನು ನೀರಿನ ಮಟ್ಟದ ಬಗ್ಗೆ ಹೇಳ್ತೀನಿ. ಅದೂ ಅಷ್ಟೇ ಮುಖ್ಯ, ಯಾಕಂದರೆ ಎಷ್ಟು ಮೀಟರ್‌ಗೆ ನೀರು ತಡೆಯುವ ಮದ್ದು ಬೇಕು ಅಂತ ತಿಳಿಯೋದು ಅದರಿಂದ. ಟೇಪಿನ ಕೆಳಗಿನ ಒಂದೆರಡು ಮೀಟರ್‌ಗೆ ಬೋರ್ಡಿಗೆ ಬರೆಯುವ ಸೀಮೆಸುಣ್ಣ ಉಜ್ಜಿ. ನೀರಿನೊಳಗೆ ಸ್ವಲ್ಪ ಹೋಗುವಷ್ಟು ಬಿಟ್ಟು, ಬಾಯಿಯ ಹತ್ತಿರ ಟೇಪಿನ ಅಂಕಿ ನೋಡಿಕೊಂಡು ಎತ್ತಿ. ಸುಣ್ಣ ಒದ್ದೆಯಾಗಿ ಕಪ್ಪಾದ ಗೆರೆ ಎಲ್ಲಿದೆಯೋ ಆ ಅಂಕಿಯನ್ನು ಬಾಯಿಯ ಅಂಕಿಯಿಂದ ಕಳೆಯಿರಿ, ನೀರು ಎಷ್ಟು ಕೆಳಗಿದೆ ಅಂತ ಸಿಗುತ್ತದೆ. ಬಾವಿ ಅಳೆಯುವವರ ಹಳೆಯ ವಿದ್ಯೆ. ಗೋಡೆಯಿಂದ ನೀರು ಜಿನುಗುತ್ತಿದ್ದರೆ ಸುಣ್ಣ ಮೊದಲೇ ಒದ್ದೆಯಾಗುತ್ತದೆ, ಆಗ ಇದು ನಡೆಯಲ್ಲ. ಬ್ಯಾಟರಿಯ ಬಝರ್ ಟೇಪ್ ಸಿಗುತ್ತದೆ, ನೀರು ಮುಟ್ಟಿದರೆ ಕೂಗುತ್ತದೆ. ಡಿಟೋನೇಟರ್ (ಮದ್ದು ಸಿಡಿಸುವ ಕ್ಯಾಪ್) ಇಳಿಸಿದ ಹೋಲ್ ಹತ್ತಿರ ಮಾತ್ರ ಅದನ್ನು ತರಲೇಬೇಡಿ.

ಸಣ್ಣ ನಳಿಕೆ ತಳದವರೆಗೆ ಇಳಿಸಿ ನಿಧಾನ ಗಾಳಿ ಬಿಟ್ಟು, ಗುಳ್ಳೆ ಬರಲು ಶುರುವಾದಾಗ ಪ್ರೆಷರ್ ಗೇಜ್ ನೋಡಿ ನೀರಿನ ಎತ್ತರ ಲೆಕ್ಕ ಹಾಕುವವರೂ ಇದ್ದಾರೆ. ತಿಳಿ ನೀರಿಗೆ ಚೆನ್ನಾಗಿದೆ. ಕೆಸರು ನೀರು ಭಾರ, ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ. ಕ್ವಾರಿಯಲ್ಲಿ ನನಗಂತೂ ಟೇಪೇ ವಾಸಿ.

ಮತ್ತೆ ಮೋಶಿಯಿಂದ:

ತುಂಬಾ ಥ್ಯಾಂಕ್ಸ್. ಗುಂಡು ಮಾಡಿಸಲು ಕೊಟ್ಟಿದ್ದೇನೆ. ಆಫೀಸಿನಲ್ಲಿ ಲೇಸರ್ ಮೀಟರ್ ಇದೆ, ಅದರಿಂದ ಆಗಲ್ವಾ? ಮಷಿನ್ ನಿಲ್ಲಿಸುವ ಜಾಗ ಇಳಿಜಾರಾಗಿ ಕೆಲವು ಹೋಲ್ ಓರೆಯೂ ಆಗುತ್ತಿದೆ. ಕಡಿಮೆ ಬಂದ ಹೋಲ್ ಏನು ಮಾಡೋದು?

ವಾಘೋಲಿಯ ಬ್ಲಾಸ್ಟರ್:

ಲೇಸರ್ ನೀರಿನ ಮೇಲ್ಮೈಗೋ ಗೋಡೆಗೋ ಬಡಿದು ವಾಪಸ್ ಬರುತ್ತದೆ. ಒಣ ಹೋಲ್‌ನಲ್ಲೇ ನಾನು ಅದನ್ನು ನಂಬಲ್ಲ. ಕ್ಯಾಮೆರಾ ಇಳಿಸಿದರೂ ಕೆಸರು ನೀರಿನಲ್ಲಿ ಕಾಣೋದು ಕೆಸರೇ.

ಓರೆ ಹೋಲ್‌ಗೆ ಟೇಪ್ ತೋರಿಸೋದು ಓರೆಯ ಉದ್ದ. 10 ಡಿಗ್ರಿ ಓರೆಯಾದರೆ 6 ಮೀಟರ್ ಕೆಳಗಿಳಿಯಲು 6.09 ಬೇಕು, 15 ಡಿಗ್ರಿಗೆ 6.21. ಅದೇನು ದೊಡ್ಡದಲ್ಲ. ಓರೆಯಿಂದ ತಳದಲ್ಲಿ ಹೋಲ್‌ಗಳ ನಡುವಿನ ಅಂತರ ಹಾಳಾಗೋದೇ ದೊಡ್ಡ ತಲೆನೋವು, 15 ಡಿಗ್ರಿಗೆ 6 ಮೀಟರ್ ಆಳದಲ್ಲಿ 1.6 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಮಷಿನ್ ನಿಲ್ಲುವ ಜಾಗ ಮೊದಲು ಮಟ್ಟ ಮಾಡಿಸಿ.

ಕಡಿಮೆ ಬಂದದ್ದಕ್ಕೆ ನಮ್ಮಲ್ಲಿ ಹೀಗೆ: 6.4ಕ್ಕಿಂತ ಜಾಸ್ತಿ ಇದ್ದರೆ ತುಂಬುತ್ತೇವೆ. ಅದಕ್ಕಿಂತ ಕಡಿಮೆಯಾದರೆ ಹ್ಯಾಮರ್ ಮತ್ತೆ ಇಳಿಸಿ ಗಾಳಿಯಲ್ಲಿ ತೊಳೆಯುತ್ತೇವೆ, ಅದೂ ಸುತ್ತ ಒಂದು ಹೋಲ್‌ಗೂ ಮದ್ದು ಇಳಿಯುವ ಮೊದಲು. ಹಿಂದಿನ ಬ್ಲಾಸ್ಟ್‌ನಲ್ಲಿ ಉಳಿದ ತೂತಿಗೆ ಮಾತ್ರ ಟೇಪೂ ಬೇಡ, ಡ್ರಿಲ್ ಬಿಟ್ಟೂ ಬೇಡ. ಒಳಗೆ ಸಿಡಿಯದ ಮದ್ದು ಇರಬಹುದು.

ಮಳೆಗಾಲದಲ್ಲಿ ಎಲ್ಲ ಹೋಲ್ ಅರ್ಧ ಮೀಟರ್ ಜಾಸ್ತಿ ಹೊಡೆಸಿ ಅಂತ ಕೆಲವರು ಹೇಳ್ತಾರೆ. ನನಗೆ ಒಪ್ಪಿಗೆಯಿಲ್ಲ. ತುಂಬಿಕೊಳ್ಳದ ಹೋಲ್‌ನಲ್ಲಿ ಮದ್ದು ಕೆಳಗಿಳಿದು ಕೆಳಗಿನ ಬೆಂಚಿನ ತಲೆಯೆಲ್ಲ ಒಡೆಯುತ್ತದೆ, ಮುಂದಿನ ಸಲ ಅಲ್ಲಿ ಹೋಲ್ ಬಾಯಿಯೇ ನಿಲ್ಲಲ್ಲ.

ಚಾಕಣದ ಡ್ರಿಲ್ಲರ್:

ಕೆಂಪು ಮಣ್ಣು ಸಿಕ್ಕ ಹೋಲ್‌ಗೆ ಮಾತ್ರ ಜಾಸ್ತಿ ಹೊಡೆದರಾಯ್ತು. ಎಲ್ಲದಕ್ಕೂ ಬೇಡ.

ವಾಘೋಲಿಯ ಬ್ಲಾಸ್ಟರ್:

ಅದು ಸರಿ, ಅಣ್ಣಾ. ಇನ್ನು ಮದ್ದು ತುಂಬುವಾಗಿನ ಅಳತೆ. ನೀರಿಗೆ ಆನ್ಫೋ (ಅಮೋನಿಯಂ ನೈಟ್ರೇಟ್‌ಗೆ ಡೀಸೆಲ್ ಬೆರೆಸಿದ ಮದ್ದು) ಬೇಡವೇ ಬೇಡ, ಅಮೋನಿಯಂ ನೈಟ್ರೇಟ್ ಉಪ್ಪಿನಂತೆ ಕರಗುತ್ತದೆ. ನೀರು ತಡೆಯುವ ಎಮಲ್ಷನ್ ಅಥವಾ ಸ್ಲರಿ ಕಾಟ್ರಿಜ್ (ಕೊಳವೆಯಾಕಾರದ ಮದ್ದಿನ ಪೊಟ್ಟಣ) ಬೇಕು. ಸಾಮಾನ್ಯವಾಗಿ ಸಿಗುವ 83 ಮಿ.ಮೀ., 2.78 ಕೆ.ಜಿ. ಕಾಟ್ರಿಜ್ ಹೋಲ್‌ನಲ್ಲಿ ಸುಮಾರು 45 ಸೆಂ.ಮೀ. ತೆಗೆದುಕೊಳ್ಳುತ್ತದೆ. ಎರಡು ಹಾಕಿದ ಮೇಲೆ ಅಳೆದರೆ ಆಳ 90 ಸೆಂ.ಮೀ. ಕಡಿಮೆಯಾಗಿರಬೇಕು. 1.5 ಮೀಟರ್ ಕಡಿಮೆಯಾಗಿದ್ದರೆ ಒಂದು ನಡುವೆ ಸಿಕ್ಕಿಕೊಂಡಿದೆ, ಕೆಳಗೆ ನೀರಿನ ಖಾಲಿ ಜಾಗ ಬಿದ್ದಿದೆ ಅಂತ ಅರ್ಥ. ನೀರು ಮೇಲೆ ಬಂದದ್ದು ನೋಡಿ ಕೂತಿದೆ ಅಂದುಕೊಳ್ಳಬೇಡಿ. ಕಾಟ್ರಿಜ್ ಸಿಕ್ಕಿಕೊಂಡರೂ, ತಳಕ್ಕೆ ಹೋದರೂ ನೀರು ಒಂದೊಂದಕ್ಕೆ 30 ಸೆಂ.ಮೀ. ಆಸುಪಾಸು ಏರಿಯೇ ಏರುತ್ತದೆ. ಕೆಸರು ನೀರಿನಲ್ಲಿ ಕಾಟ್ರಿಜ್ ಇಳಿಯಲು ಹೊತ್ತು ಬೇಕು, ಒಂದರ ಮೇಲೊಂದು ಸುರಿಯಬೇಡಿ.

ಈ ಹಂತದಲ್ಲಿ ಅಳೆಯಲು ನಾವು ಗುರುತು ಹಾಕಿದ ಮರದ ಕೋಲನ್ನೇ ಬಳಸುತ್ತೇವೆ. ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ, ಒತ್ತಿ ಹಿಡಿಯಬೇಕಾಗುತ್ತದೆ, ಆದರೂ ಪರವಾಗಿಲ್ಲ. ಪ್ರೈಮರ್ (ಡಿಟೋನೇಟರ್ ಸೇರಿಸಿದ ಕಾಟ್ರಿಜ್) ಇರುವ ಹೋಲ್‌ಗೆ ಒಂದು ಕೆ.ಜಿ. ಹಿತ್ತಾಳೆ ಬೀಳಿಸೋದು ಹುಚ್ಚುತನ. ಇದೆಲ್ಲ ಮಾಡುವವನ ಹತ್ತಿರ ಬ್ಲಾಸ್ಟರ್ ಸರ್ಟಿಫಿಕೇಟ್ ಇರಬೇಕು. ಮಾಲೀಕರು ಎಷ್ಟೇ ಅವಸರ ಮಾಡಿದರೂ ನೀವು ಕೈಹಾಕಬೇಡಿ, ಪಕ್ಕದಲ್ಲಿ ನಿಂತು ಪುಸ್ತಕದಲ್ಲಿ ಬರೆದುಕೊಳ್ಳಿ. ಹೋಲ್ ನಂಬರ್, ಡ್ರಿಲ್ಲರ್ ಹೇಳಿದ ಆಳ, ರಾಡ್ ಎತ್ತಿದಾಗಿನ ಆಳ, ತುಂಬುವ ಮೊದಲಿನ ಆಳ, ನೀರಿನ ಮಟ್ಟ, ಎಷ್ಟು ಕಾಟ್ರಿಜ್. ಟೋ ಎಲ್ಲಿ ಉಳಿಯಿತೋ ಆ ನಂಬರಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಮುಂದಿನ ಸಲ ಮಾಲೀಕರು ಕೂಗಿದರೆ ಆ ಪುಟ ಮುಂದಿಡಿ.

ಬಿಚೋಲಿಯಿಂದ:

ಬರೆಯೋದು ಪೆನ್ಸಿಲ್‌ನಲ್ಲೇ ಸರ್. ಮಳೆಯಲ್ಲಿ ಪೆನ್ನಿನ ಮಸಿ ಉಳಿಯಲ್ಲ. ಮತ್ತೆ ಸಂಜೆ ಗುಡುಗು ಕೇಳಿಸಿದರೆ ಅಳತೆ ಅರ್ಧಕ್ಕೆ ನಿಂತರೂ ಸರಿ, ಮದ್ದು ಇಳಿದ ಬೆಂಚಿನಿಂದ ಎಲ್ಲರನ್ನೂ ದೂರ ಕಳಿಸಿ.