ಕಾಲಿನ ಆಣಿ ಎಷ್ಟು ಸಲ ತೆಗೆದರೂ ಮತ್ತೆ ಬರ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ದರ್ಶಿನಿಯಲ್ಲಿ ಕೆಲಸ, ದಿನಕ್ಕೆ ಹತ್ತು ಗಂಟೆ ನಿಂತೇ ಇರ್ತೀನಿ. ಬಲ ಅಂಗಾಲಲ್ಲಿ, ಕಿರುಬೆರಳ ಬುಡದ ಕೆಳಗೆ ಆಣಿ. ಮೆಡಿಕಲ್‌ನಿಂದ ಕಾರ್ನ್ ಕ್ಯಾಪ್ ತಂದು ನಾಲ್ಕು ಸಲ ಹಾಕಿದೆ, ಒಂದ್ಸಲ ಬ್ಲೇಡಲ್ಲೂ ಕೆತ್ತಿದೆ. ಒಂದೂವರೆ ತಿಂಗಳಿಗೆ ಮತ್ತೆ ಹಾಜರ್. ಬೇರು ಒಳಗೇ ಉಳಿದಿದೆ, ಆಪರೇಷನ್ ಮಾಡಿಸು ಅಂತಾರೆ. ನಿಜಾನಾ?

ಉತ್ತರ (ಚರ್ಮವೈದ್ಯೆ): ಆಣಿಗೆ ಬೇರು ಇರುವುದಿಲ್ಲ. ಒಳಗಿಂದ ಎಲುಬು, ಹೊರಗಿಂದ ಚಪ್ಪಲಿ ಎರಡೂ ಒತ್ತಿದಾಗ ನಡುವಿನ ಚರ್ಮ ದಪ್ಪವಾಗುತ್ತದೆ. ಒತ್ತಡ ಅಗಲಕ್ಕೆ ಹರಡಿದರೆ ಜಡ್ಡು. ಒಂದೇ ಬಿಂದುವಿಗೆ ಬಿದ್ದರೆ ಅದೇ ಚರ್ಮ ಮೊಳೆಯ ಹಾಗೆ ಚೂಪಾಗಿ ಒಳಕ್ಕೆ ಇಳಿಯುತ್ತದೆ, ಅದು ಆಣಿ. ನೀವು ಬೇರು ಅನ್ನುತ್ತಿರುವುದು ಆ ಮೊಳೆಯ ತುದಿ. ಒತ್ತಡ ಹಾಗೇ ಇದ್ದರೆ ಆಪರೇಷನ್ ಆದ ಮೇಲೂ ಬರುತ್ತದೆ, ಗಾಯದ ಕಲೆ ಬೇರೆ ಉಳಿಯುತ್ತದೆ.

ಮೊದಲು ಅದು ನರಹುಲಿ ಅಲ್ಲವೆಂದು ನೋಡಿಕೊಳ್ಳಿ. ಬಿಸಿನೀರಲ್ಲಿ ನೆನೆಸಿ ಮೇಲ್ಪದರ ಉಜ್ಜಿ, ಬೆಳಕಲ್ಲಿ ನೋಡಿ. ಸಣ್ಣ ಕಪ್ಪು ಚುಕ್ಕೆಗಳಿದ್ದು, ಅಂಗಾಲಿನ ಗೆರೆಗಳು ಅದರ ಅಂಚಿಗೆ ಬಂದು ನಿಂತು, ಎರಡು ಬದಿಯಿಂದ ಚಿವುಟಿದಾಗ ನೋವು ಹೆಚ್ಚಾದರೆ ನರಹುಲಿ ಇರಬಹುದು. ಗೆರೆಗಳು ಅದರ ಮೇಲೂ ಹಾದು, ನೇರ ಒತ್ತಿದಾಗ ನೋವಾದರೆ ಆಣಿ.

ಪ್ರಶ್ನೆ ಕೇಳಿದವರು: ಚುಕ್ಕೆ ಇಲ್ಲ ಮೇಡಂ. ನೇರ ಒತ್ತಿದ್ರೆ ಜೀವ ಹೋಗುತ್ತೆ. ಹಾಕೋದು ಹವಾಯಿ ಚಪ್ಪಲಿ, ಹೊರಬದಿ ಸವೆದಿದೆ.

ಉತ್ತರ: ಉತ್ತರ ಚಪ್ಪಲಿಯಲ್ಲೇ ಇದೆ ನೋಡಿ. ಹೊರಬದಿ ಸವೆದಷ್ಟೂ ಭಾರ ಕಿರುಬೆರಳ ಬುಡದ ಮೇಲೆ ಬೀಳುತ್ತದೆ.

ಕಾರ್ನ್ ಕ್ಯಾಪ್‌ನಲ್ಲಿರುವುದು 40% ಸ್ಯಾಲಿಸಿಲಿಕ್ ಆಸಿಡ್. ಅದಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಗೊತ್ತಾಗುವುದಿಲ್ಲ. ಕಾಲನ್ನು ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿಟ್ಟು ಚೆನ್ನಾಗಿ ಒರೆಸಿ. ಔಷಧಿ ಇರುವ ಭಾಗವನ್ನು ಆಣಿಯಷ್ಟೇ ಅಳತೆಗೆ ಕತ್ತರಿಸಿ, ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿ, ಅಂಟಿಸಿ ಮೇಲೆ ಟೇಪ್ ಹಾಕಿ. 48 ಗಂಟೆಗೊಮ್ಮೆ ತೆಗೆದು, ಬೆಳ್ಳಗಾದ ಸತ್ತ ಚರ್ಮವನ್ನು ಉಜ್ಜುವ ಕಲ್ಲಿನಿಂದ ಮೆಲ್ಲಗೆ ತೆಗೆಯಿರಿ. ಹದಿನಾಲ್ಕು ದಿನ ಸಾಕು. ಕೆಂಪಾಗಿ ಉರಿದರೆ ಅಂದೇ ನಿಲ್ಲಿಸಿ. ನಿಮ್ಮ ಕೆಲಸದಲ್ಲಿ ನೆಲ ಸದಾ ಒದ್ದೆ, ಕ್ಯಾಪ್ ಪಕ್ಕಕ್ಕೆ ಜಾರಿ ಒಳ್ಳೆಯ ಚರ್ಮ ಸುಡುತ್ತದೆ. ಆದಷ್ಟೂ ರಜೆಯ ಹಿಂದಿನ ರಾತ್ರಿ ಶುರುಮಾಡಿ. ಬ್ಲೇಡ್ ಮಾತ್ರ ಬೇಡವೇ ಬೇಡ.

ಆಮೇಲೆ ದಿನಾ ರಾತ್ರಿ 20% ಯೂರಿಯಾ ಕ್ರೀಮ್.

ಪಾದರಕ್ಷೆ ತಯಾರಕರು: ಕ್ರೀಮಿಗಿಂತ ಮೊದಲು ಪ್ಯಾಡ್ ಹೇಳ್ತೀನಿ, ಹೆಚ್ಚಿನವರು ತಪ್ಪೋದು ಅಲ್ಲೇ. ನೋಯುವ ಜಾಗದ ಅಡಿಗೇ ಮೆತ್ತೆ ಇಟ್ಟರೆ ಒತ್ತಡ ಹೆಚ್ಚುತ್ತೆ. ಚಿಟಿಕೆ ಕುಂಕುಮ ವ್ಯಾಸಲೀನ್‌ನಲ್ಲಿ ಕಲಸಿ ಆಣಿ ಮೇಲೆ ಚುಕ್ಕೆ ಇಡಿ. ಶೂ ಒಳಗಿನ ಸೋಲ್ ಹೊರತೆಗೆದು, ನೆಲದ ಮೇಲಿಟ್ಟು, ಅದರ ಮೇಲೆ ನಿಲ್ಲಿ. ಕೆಂಪು ಗುರುತು ಬಿದ್ದ ಕಡೆ ಖಾಲಿ ಬಿಟ್ಟು, ಅದರ ಹಿಂದೆ, ಹಿಮ್ಮಡಿ ಕಡೆಗೆ, 5 ಮಿ.ಮೀ. ದಪ್ಪದ ಫೆಲ್ಟನ್ನು (ಒತ್ತಿ ಮಾಡಿದ ದಪ್ಪ ಉಣ್ಣೆ ಬಟ್ಟೆ) ಲಾಳದಾಕಾರದಲ್ಲಿ ಕತ್ತರಿಸಿ ಅಂಟಿಸಿ. ಲಾಳದ ಬಾಯಿ ಬೆರಳ ಕಡೆಗಿರಲಿ. ಹವಾಯಿ ಬಿಟ್ಟು ಹಿಂದೆ ಪಟ್ಟಿ ಇರುವ, ಜಾರದ ಸೋಲಿನದು ತಗೊಳ್ಳಿ. ಕೊಳ್ಳೋದು ಸಂಜೆ, ಆಗ ಕಾಲು ಸ್ವಲ್ಪ ಊದಿರುತ್ತೆ. ಹಾಳೆ ಮೇಲೆ ನಿಂತು ಪಾದದ ಗೆರೆ ಎಳೆಸಿ. ಚಪ್ಪಲಿ ಆ ಗೆರೆಗಿಂತ ಅಗಲದಲ್ಲಿ ಕಿರಿದಾದ್ರೆ ಬಿಟ್ಟುಬಿಡಿ, ಎಷ್ಟೇ ಚೆಂದ ಇದ್ದರೂ.

ಇನ್ನೊಬ್ಬರ ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆ. ಹೆಬ್ಬೆರಳ ಬುಡದಲ್ಲಿ ಜಡ್ಡು, ನೋವಿಲ್ಲ. ಪಕ್ಕದ ಮನೆ ಅಜ್ಜಿ ಎಕ್ಕದ ಹಾಲು ಹಚ್ಚು ಅಂತಾರೆ.

ಉತ್ತರ: ಎಕ್ಕದ ಹಾಲು, ಗೇರುಬೀಜದ ಸಿಪ್ಪೆ ಎಣ್ಣೆ, ಸುಣ್ಣ ಯಾವುದೂ ಬೇಡ. ಮೂರೂ ಚರ್ಮ ಸುಡುತ್ತವೆ. ಅಮ್ಮನಿಗೆ ಕಾರ್ನ್ ಕ್ಯಾಪ್ ಕೂಡ ಹಾಕಬೇಡಿ. ನೋವಿಲ್ಲ ಅಂದಿರಲ್ಲ, ಅದೇ ನನಗೆ ಆತಂಕ. ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟಿದ್ದೂ ತಿಳಿಯುವುದಿಲ್ಲ. ಜಡ್ಡಿನೊಳಗೆ ಕಂದು ಅಥವಾ ನೇರಳೆ ಛಾಯೆ ಕಂಡರೆ ಅಡಿಯಲ್ಲಿ ರಕ್ತ ಸೋರಿ ಹುಣ್ಣಾಗುತ್ತಿದೆ ಎಂದು ತಿಳಿದು ಅಂದೇ ವೈದ್ಯರಿಗೆ ತೋರಿಸಿ. ಬಣ್ಣ ಬದಲಾಗಿಲ್ಲದಿದ್ದರೂ ಈ ವಾರವೇ ಕರೆದುಕೊಂಡು ಹೋಗಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಸ್ಪರ್ಶ ಪರೀಕ್ಷಿಸುತ್ತಾರೆ, ಜಡ್ಡನ್ನು ಅವರೇ ತೆಳ್ಳಗೆ ಕೆತ್ತುತ್ತಾರೆ. ಮನೆಯೊಳಗೂ ಎಂ.ಸಿ.ಆರ್. (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿ ಹಾಕಲಿ, ಹಿಮ್ಮಡಿಗೆ ಪಟ್ಟಿ ಇರುವುದು. ಕಾಲು ನೆನೆಸಿಡುವುದು ಬೇಡ, ತೊಳೆದು ಒರೆಸಿದರೆ ಸಾಕು.

ಮತ್ತೊಂದು ಪ್ರಶ್ನೆ: ಕಿರುಬೆರಳ ಸಂದಿಯಲ್ಲಿ ಬಿಳಿ, ಮೆತ್ತಗೆ, ವಿಪರೀತ ನೋವು. ಫಂಗಸ್ ಮುಲಾಮು ಎರಡು ತಿಂಗಳು ಹಚ್ಚಿದೆ, ಬಗ್ಗಲಿಲ್ಲ.

ಉತ್ತರ: ಮೆತ್ತನೆ ಆಣಿ ಇರಬಹುದು. ಬೆವರಿಗೆ ನೆನೆದು ಬೆಳ್ಳಗಾಗುತ್ತದೆ, ಹಾಗಾಗಿ ಫಂಗಸ್ ಅನ್ನಿಸುತ್ತದೆ. ಫಂಗಸ್ಸಿಗೆ ತುರಿಕೆ ಹೆಚ್ಚು, ಇದಕ್ಕೆ ನೋವು ಹೆಚ್ಚು. ಎರಡು ಬೆರಳ ಎಲುಬಿನ ಉಬ್ಬು ಒಂದಕ್ಕೊಂದು ಒತ್ತುತ್ತಿರುತ್ತವೆ. ಇಲ್ಲಿ ಆಸಿಡ್ ಬೇಡ, ಯೂರಿಯಾ ಕ್ರೀಮೂ ಬೇಡ. ಸಂದಿ ಒಣಗಿಸಿ, ಬೆರಳುಗಳನ್ನು ದೂರ ಇಡುವ ಮೆತ್ತನೆಯ ಸಿಲಿಕೋನ್ ಸ್ಪೇಸರ್ ಇಡಿ. ಅದಿಲ್ಲದಿದ್ದರೆ ಹತ್ತಿ ಸಾಕು, ಒದ್ದೆಯಾದಾಗೆಲ್ಲ ಬದಲಿಸಿ. ಮೂಗು ಚೂಪಾದ ಶೂ ಬಿಡಿ. ಆರು ವಾರಕ್ಕೂ ಇಳಿಯದಿದ್ದರೆ ಎಕ್ಸ್-ರೇ ತೆಗೆಸಿ ಮೂಳೆ ವೈದ್ಯರಿಗೆ ತೋರಿಸಿ. ಎಲುಬಿನ ಆ ಉಬ್ಬನ್ನು ತರಿದು ತೆಗೆಯುವ ಸಣ್ಣ ಆಪರೇಷನ್ ಇದೆ.